42 ಅಂಕ ಎಂದರೆ 42 ಮಾತ್ರವೇ?

ಹಾಸನ ಮತ್ತು ಸಕಲೇಶಪುರದ ಪ್ರೌಢಶಾಲೆಗಳಲ್ಲಿ ಆಪ್ತಸಮಾಲೋಚಕಿಯಾಗಿರುವ ನಾನು ಹತ್ತನೇ ತರಗತಿಯ ಮಕ್ಕಳಿಗೆ ಪರೀಕ್ಷಾ ಭಯವನ್ನು ಅಳೆಯುವ ಪ್ರಶ್ನಾವಳಿ ಕೊಡುತ್ತೇನೆ. ಅದರಲ್ಲಿ ಇಪ್ಪತ್ತು ಹೇಳಿಕೆಗಳಿವೆ. ಪ್ರತಿ ಹೇಳಿಕೆಗೂ ‘ಎಂದೂ ಇಲ್ಲ’ದಿಂದ ‘ಯಾವಾಗಲೂ’ ತನಕ ನಾಲ್ಕು ಆಯ್ಕೆ. ಒಟ್ಟು ಅಂಕ ಹೆಚ್ಚಾದಷ್ಟೂ ಭಯ ಹೆಚ್ಚು. ಉತ್ತರ ಪತ್ರಿಕೆ ಕೈಗೆ ಬರುವ ಮೊದಲೇ ಮುಖ್ಯೋಪಾಧ್ಯಾಯರು, “ಮೇಡಂ, ನಲವತ್ತು ದಾಟಿದವರ ಪಟ್ಟಿ ಕೊಟ್ಟುಬಿಡಿ” ಎನ್ನುತ್ತಾರೆ. ಆ ಅಂಕವನ್ನು ಎಷ್ಟು ನಂಬಬಹುದೆಂದು ತಿಳಿಯದೆ ನಾನು ಯಾವ ಮಗುವಿನ ಹೆಸರನ್ನೂ ಪಟ್ಟಿಗೆ ಸೇರಿಸುವುದಿಲ್ಲ.

ಅಂಕಗಳು ಎಷ್ಟು ಸ್ಥಿರ, ಎಷ್ಟು ದೋಷಮುಕ್ತ ಎಂಬುದೇ ವಿಶ್ವಾಸಾರ್ಹತೆ. ಅದನ್ನು ಸೊನ್ನೆಯಿಂದ ಒಂದರವರೆಗಿನ ಗುಣಾಂಕದಲ್ಲಿ ಹೇಳುತ್ತಾರೆ. ಪ್ರಶ್ನಾವಳಿಯ ಕೈಪಿಡಿಯಲ್ಲಿ ಅಚ್ಚಾಗಿರುವ ಗುಣಾಂಕ ಬೇರೆ ಊರಿನ, ಬೇರೆ ಮಕ್ಕಳ ಉತ್ತರಗಳಿಂದ ಬಂದದ್ದು. ವಿಶ್ವಾಸಾರ್ಹತೆ ಪ್ರಶ್ನಾವಳಿಗೆ ಅಂಟಿಕೊಂಡ ಗುಣವಲ್ಲ. ಒಂದು ಗುಂಪು ಒಂದು ಸಂದರ್ಭದಲ್ಲಿ ಪಡೆದ ಅಂಕಗಳ ಗುಣ ಅದು. ಮಕ್ಕಳೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದವರಾದರೆ, ಅದೇ ಪ್ರಶ್ನಾವಳಿಯ ಗುಣಾಂಕವೂ ಇಳಿಯುತ್ತದೆ. ಆದ್ದರಿಂದ ನಮ್ಮ ಮಕ್ಕಳ ಉತ್ತರಗಳನ್ನು ಎಕ್ಸೆಲ್‌ಗೆ ಹಾಕಿ ನಾನೇ ಲೆಕ್ಕ ಮಾಡುತ್ತೇನೆ.

ಮೊದಲು ಬೆಸ ಸಂಖ್ಯೆಯ ಹೇಳಿಕೆಗಳ ಮೊತ್ತಕ್ಕೂ ಸಮ ಸಂಖ್ಯೆಯವುಗಳ ಮೊತ್ತಕ್ಕೂ ಇರುವ ಸಹಸಂಬಂಧವನ್ನು, ಅಂದರೆ ಎರಡೂ ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬುದನ್ನು ನೋಡುತ್ತೇನೆ. ಅದು 0.60 ಬಂದಿತೆನ್ನಿ. ಅದು ಅರ್ಧ ಪ್ರಶ್ನಾವಳಿಯ ಬೆಲೆ. 1910ರಲ್ಲಿ ಮನೋವಿಜ್ಞಾನಿಗಳಾದ ಸ್ಪಿಯರ್‌ಮನ್ ಮತ್ತು ಬ್ರೌನ್ ಬೇರೆಬೇರೆಯಾಗಿ ಪ್ರಕಟಿಸಿದ ಸೂತ್ರದ ಪ್ರಕಾರ 0.60ರ ಎರಡರಷ್ಟಾದ 1.20ನ್ನು, 1 ಮತ್ತು 0.60ರ ಮೊತ್ತವಾದ 1.60ರಿಂದ ಭಾಗಿಸಿದರೆ ಪೂರ್ತಿ ಪ್ರಶ್ನಾವಳಿಗೆ 0.75 ಸಿಗುತ್ತದೆ. ಬಳಿಕ, ಮನೋವಿಜ್ಞಾನಿ ಕ್ರಾನ್‌ಬಾಕ್ 1951ರಲ್ಲಿ ವಿವರಿಸಿದ ಆಲ್ಫಾವನ್ನು ಲೆಕ್ಕ ಹಾಕುತ್ತೇನೆ. ಎಲ್ಲ ಹೇಳಿಕೆಗಳೂ ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಹೇಳುವ ಗುಣಾಂಕ ಅದು. ಆಲ್ಫಾ ಹೆಚ್ಚು ಬಂದ ಮಾತ್ರಕ್ಕೆ ನಾನು ಹಿಗ್ಗುವುದಿಲ್ಲ. ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಕೇಳಿದರೂ ಅದು ಏರುತ್ತದೆ.

ನಿಜವಾದ ಹುಡುಕಾಟ ಇರುವುದು ಒಂದೊಂದೇ ಹೇಳಿಕೆಯಲ್ಲಿ. ಪ್ರತಿ ಹೇಳಿಕೆಯ ಅಂಕವನ್ನು ಉಳಿದವುಗಳ ಮೊತ್ತದೊಂದಿಗೆ ಹೋಲಿಸುತ್ತೇನೆ. ‘ಪರೀಕ್ಷಾ ಕೊಠಡಿಯಲ್ಲಿ ನನಗೆ ಭಯವಾಗುವುದಿಲ್ಲ’ ಎಂಬಂಥ ಹೇಳಿಕೆಗಳಲ್ಲಿ ಈ ಸಂಬಂಧ ಕುಸಿಯುತ್ತದೆ. ‘ಭಯವಾಗುವುದಿಲ್ಲ’ ಎಂಬುದರ ಮುಂದೆ ‘ಎಂದೂ ಇಲ್ಲ’ ಎಂದು ಗುರುತು ಹಾಕಿದ ಹುಡುಗಿ ಧೈರ್ಯವಂತೆಯೋ ಅಂಜುವವಳೋ? ತೋಟದ ಲೈನ್ ಮನೆಗಳಿಂದ ಬರುವ, ಮನೆಯಲ್ಲಿ ತಮಿಳು ಅಥವಾ ತುಳು ಮಾತನಾಡುವ ಮಕ್ಕಳಿಗೆ ಈ ತೊಡಕು ಇನ್ನೂ ಹೆಚ್ಚು. ಅಂಥ ಹೇಳಿಕೆಗಳನ್ನು ನೇರವಾಗಿ ಬರೆದು ಮತ್ತೆ ಪರೀಕ್ಷಿಸುತ್ತೇನೆ.

ಅದೇ ಮಕ್ಕಳಿಗೆ ಕೆಲವು ವಾರಗಳ ನಂತರ ಅದೇ ಪ್ರಶ್ನಾವಳಿ ಕೊಟ್ಟು ನೋಡುವುದು ಮಲೆನಾಡಿನಲ್ಲಿ ಸುಲಭವಲ್ಲ. ಜುಲೈನಲ್ಲಿ ಮಳೆಯ ರಜೆ ಅಡ್ಡ ಬರುತ್ತದೆ. ನಡುವೆ ಕಿರುಪರೀಕ್ಷೆ ಬಂದರೆ ಭಯವೇ ಬದಲಾಗಿರುತ್ತದೆ. ಹಾಗೆ ಬಂದ ವ್ಯತ್ಯಾಸವನ್ನು ಅಳತೆಯ ದೋಷವೆಂದು ಎಣಿಸುವುದು ತಪ್ಪು. ಎರಡೂ ಸಲ ಪರೀಕ್ಷೆ ದೂರವಿರುವ ದಿನಗಳನ್ನೇ ಆರಿಸುತ್ತೇನೆ.

ಇನ್ನು ಶಾಲೆಯವರಿಗೆ ನೇರವಾಗಿ ಬೇಕಾದ ಲೆಕ್ಕ. ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ತೋರಿಸುವ ಮಾನಕ ವಿಚಲನೆ 8, ಗುಣಾಂಕ 0.75 ಎಂದುಕೊಳ್ಳಿ. 1ರಲ್ಲಿ 0.75 ಕಳೆದರೆ 0.25, ಅದರ ವರ್ಗಮೂಲ 0.5, ಅದನ್ನು 8ರಿಂದ ಗುಣಿಸಿದರೆ 4. ಇದು ಅಳತೆಯ ಮಾನಕ ದೋಷ, ಅಂದರೆ ಒಂದು ಅಂಕ ನಿಜವಾದ ಮಟ್ಟದಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಆಗಬಹುದೆಂಬ ಅಂದಾಜು. ಅದರ ಸುಮಾರು ಎರಡರಷ್ಟನ್ನು ಆಚೀಚೆ ಬಿಟ್ಟರೆ, 42 ಪಡೆದ ಮಗುವಿಗೆ ಶೇಕಡಾ 95ರ ವಿಶ್ವಾಸದ ವ್ಯಾಪ್ತಿ ಸುಮಾರು 34ರಿಂದ 50. ಹಾಗಿರುವಾಗ 39ರ ಹುಡುಗನನ್ನು ಬಿಟ್ಟು 41ರ ಹುಡುಗಿಯನ್ನು ಮಾತ್ರ ಕರೆಯುವುದು ಯಾವ ನ್ಯಾಯ?

“ಹೋದ ಸಲ 42 ಇತ್ತು, ಈಗ 38. ಸುಧಾರಿಸಿದ್ದಾನಲ್ಲವೇ ಮೇಡಂ?” ಎಂದೂ ಕೇಳುತ್ತಾರೆ. ಎರಡು ಅಂಕಗಳ ವ್ಯತ್ಯಾಸದಲ್ಲಿ ಎರಡರ ದೋಷವೂ ಸೇರಿರುತ್ತದೆ. 4ರ ಎರಡು ದೋಷಗಳು ಸೇರಿದರೆ ಸುಮಾರು 5.7, ಅದರ ಸುಮಾರು ಎರಡರಷ್ಟು 11. ಈ ಲೆಕ್ಕದಲ್ಲಿ ಸುಮಾರು 11 ಅಂಕದಷ್ಟು ಬದಲಾಗದೆ ಸುಧಾರಣೆ ಎಂದು ನಾನು ಬರೆದುಕೊಡುವುದಿಲ್ಲ.

ವರದಿಯಲ್ಲಿ ಪ್ರತಿ ಅಂಕದ ಪಕ್ಕದಲ್ಲಿ ಅದರ ವ್ಯಾಪ್ತಿಯನ್ನೂ ಬರೆಯುತ್ತೇನೆ. ನಲವತ್ತರ ಆಚೀಚೆ ಇರುವವರನ್ನು ಒಬ್ಬೊಬ್ಬರಾಗಿ ಮಾತನಾಡಿಸಲು ಸಮಯ ಕೇಳುತ್ತೇನೆ. ಸಾಮಾನ್ಯವಾಗಿ ಆಟದ ಪೀರಿಯಡ್ ಕೊಡಲು ಬರುತ್ತಾರೆ. ನಾನು ಒಪ್ಪದೆ ಪಾಠದ ಪೀರಿಯಡ್ಡನ್ನೇ ಕೇಳುತ್ತೇನೆ. ಅಂಜುವ ಮಗುವಿನ ಆಟವನ್ನೂ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ.