ಬೋರ್ಡಿಲ್ಲದ ಪೊಲೀಸ್ ಕಾರು: ರಾತ್ರಿ ಹೈವೇಯಲ್ಲಿ ಗುರುತು ಹಿಡಿಯುವುದು ಹೇಗೆ

ಬಜ್ಪೆ ಏರ್‌ಪೋರ್ಟಿನಿಂದ ಕುಂದಾಪುರ, ಬೈಂದೂರು ಕಡೆಗೆ ರಾತ್ರಿ ಬಾಡಿಗೆ ಹೋಗುವ ಹೊಸ ಹುಡುಗರು ನನ್ನ ಹತ್ತಿರ ಮತ್ತೆ ಮತ್ತೆ ಕೇಳುವುದು ಒಂದೇ: "ಅಣ್ಣಾ, ಬೋರ್ಡಿಲ್ಲದ ಗಾಡಿ ಹಿಂದಿನಿಂದ ಬಂದು ನಿಲ್ಲಿಸು ಅಂದ್ರೆ ಎಂತ ಮಾಡುವುದು? ಪೊಲೀಸರೇ ಅಂತ ಗೊತ್ತಾಗುವುದು ಹೇಗೆ?" ಕೇಳಲೇಬೇಕಾದ ಪ್ರಶ್ನೆ. ನಮ್ಮ ಗಾಡಿಯಲ್ಲಿ ಕೂತಿರುವವರು ದುಬೈಯಿಂದಲೋ ದಮ್ಮಾಮಿನಿಂದಲೋ ಎರಡು ವರ್ಷದ ದುಡಿಮೆಯನ್ನು ಸೂಟ್‌ಕೇಸಿನಲ್ಲಿ ತುಂಬಿಸಿಕೊಂಡು ಬಂದವರು. ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮಗು, ಕೈಚೀಲದಲ್ಲಿ ಹೆಂಡತಿಗೆ ತಂದ ಬಳೆ. ಅವರನ್ನು ಮನೆಯ ಅಂಗಳಕ್ಕೆ ಮುಟ್ಟಿಸುವವರೆಗೆ ಜವಾಬ್ದಾರಿ ನಮ್ಮದು.

ಟ್ಯಾಕ್ಸಿಯವರಿಗೆ ಮಾತ್ರ ಅಂತ ಬರೆಯುತ್ತಿಲ್ಲ. ಮಣಿಪಾಲದಲ್ಲಿ ಡ್ಯೂಟಿ ಮುಗಿಸಿ ಹೊತ್ತಲ್ಲದ ಹೊತ್ತಿನಲ್ಲಿ ಒಬ್ಬರೇ ಸ್ಕೂಟರ್ ಹತ್ತುವ ನರ್ಸ್‌ಗಳಿಗೂ, ನಸುಕಿನಲ್ಲಿ ಮಲ್ಪೆ ಬಂದರಿಗೆ ಮೀನಿಗೆ ಹೋಗುವವರಿಗೂ ಇದು ಗೊತ್ತಿರಬೇಕು.

ಮೊದಲು ನಂಬರ್ ಪ್ಲೇಟ್ ನೋಡಿ. ಕರ್ನಾಟಕದಲ್ಲಿ ಸರ್ಕಾರಿ ಗಾಡಿಗಳಿಗೆ ಜಿಲ್ಲೆಯ ಸಂಖ್ಯೆಯ ನಂತರ 'ಜಿ' ಅಕ್ಷರ ಬರುತ್ತದೆ. ಕೆಎಸ್‌ಆರ್‌ಟಿಸಿ ಬಸ್ಸುಗಳಿಗೆ 'ಎಫ್' ಇರುವುದನ್ನು ನೀವು ದಿನಾ ನೋಡಿರುತ್ತೀರಿ, ಹಾಗೆಯೇ ಇದು. ಮಂಗಳೂರಿನದ್ದಾದರೆ ಕೆಎ 19 ಜಿ, ಉಡುಪಿಯದ್ದಾದರೆ ಕೆಎ 20 ಜಿ. ಬೆಂಗಳೂರಿನಲ್ಲಿ ನೋಂದಣಿಯಾದ ಸರ್ಕಾರಿ ಗಾಡಿಗಳೂ ನಮ್ಮ ಕಡೆ ಓಡುತ್ತವೆ, ಆದ್ದರಿಂದ ಕೆಎ 01 ಜಿ ಕಂಡರೆ ಗಾಬರಿ ಬೇಡ. ಪ್ಲೇಟ್ ಬಿಳಿಯೇ, ಅಕ್ಷರ ಕಪ್ಪೇ, ಖಾಸಗಿ ಕಾರಿನ ಹಾಗೆಯೇ. ಬಣ್ಣ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ, ಅಕ್ಷರವನ್ನೇ ಓದಬೇಕು. ಹಿಂದೆ ಬರುತ್ತಿರುವ ಗಾಡಿಯ ಪ್ಲೇಟು ಕನ್ನಡಿಯಲ್ಲಿ ತಿರುಗುಮುರುಗಾಗಿ ಕಾಣುತ್ತದೆ, ಹೆಡ್‌ಲೈಟಿನ ಬೆಳಕು ಬೇರೆ ಕಣ್ಣಿಗೆ ಹೊಡೆಯುತ್ತದೆ. ಅದು ನಿಮ್ಮನ್ನು ದಾಟಿ ಮುಂದೆ ಹೋದ ಗಳಿಗೆಯಲ್ಲಿ ಓದಿಕೊಳ್ಳಿ, ಇಲ್ಲವೇ ಪಕ್ಕದಲ್ಲಿ ಕೂತವರಿಗೆ ಓದಿ ಅನ್ನಿ.

ಆದರೆ 'ಜಿ' ಅಂದ ಕೂಡಲೇ ಪೊಲೀಸ್ ಅಲ್ಲ. ತಹಶೀಲ್ದಾರರ ಜೀಪಿಗೂ ಪಿಡಬ್ಲ್ಯುಡಿ ಗಾಡಿಗೂ ಅದೇ ಅಕ್ಷರ. ಮತ್ತೊಂದು ಕಡೆಯಿಂದ ನೋಡಿದರೆ, ಕಳ್ಳರನ್ನು ಹಿಂಬಾಲಿಸುವ ಕ್ರೈಮ್ ತಂಡದವರು ಮಫ್ತಿಯಲ್ಲಿ ಸಾದಾ ನಂಬರಿನ ಕಾರಿನಲ್ಲಿ ಹೋಗುವುದೂ ಉಂಟು. ಹಾಗಾಗಿ ಪ್ಲೇಟು ಒಂದು ಸುಳಿವು, ಅಷ್ಟೇ.

ಎರಡನೆಯದು ಗಾಡಿಯ ಮೈ ಮತ್ತು ಒಳಗಿನ ಸಾಮಾನು. ವೈರ್‌ಲೆಸ್ ಸೆಟ್ ಇರುವ ಗಾಡಿಗೆ ಟಾಪಿನ ಮೇಲೋ ಬಂಪರಿನ ಹತ್ತಿರವೋ ಉದ್ದದ ಸಪೂರ ಆ್ಯಂಟೆನಾ ಇರುತ್ತದೆ, ಎಫ್‌ಎಂ ರೇಡಿಯೋದ ಗಿಡ್ಡ ಆ್ಯಂಟೆನಾ ಅಲ್ಲ. ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ವಯರಿನ ಮೈಕ್, ಗಾಜಿನ ಹಿಂದೆ ಮಡಚಿಟ್ಟ 'ಪೊಲೀಸ್' ಫಲಕ, ಹಿಂದಿನ ಸೀಟಿನಲ್ಲಿ ಲಾಠಿ, ಹೆಲ್ಮೆಟ್, ಹೊಳೆಯುವ ಪಟ್ಟಿಯ ಜಾಕೆಟ್. ಗಾಡಿ ನಿಂತಿರುವಾಗ ಇದೆಲ್ಲ ಕಾಣಬೇಕು. ಕಾಣದಷ್ಟು ಕಪ್ಪು ಗಾಜಾಗಿದ್ದರೆ ನನಗೆ ಅನುಮಾನ ಶುರುವಾಗುತ್ತದೆ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಬಾರದು ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಬೇರೆಯವರ ಫಿಲ್ಮ್ ಕಿತ್ತು ದಂಡ ಹಾಕುವ ಇಲಾಖೆಯವರು ಕಪ್ಪು ಗಾಜಿನ ಕಾರಿನಲ್ಲಿ ಬಂದು ವಾಹನ ತಪಾಸಣೆ ಮಾಡುವುದು ನಂಬುವ ಮಾತಲ್ಲ.

ಕೆಂಪು ನೀಲಿ ಮಿನುಗುವ ಲೈಟನ್ನು ಮಾತ್ರ ಪುರಾವೆ ಅಂತ ಇಟ್ಟುಕೊಳ್ಳಲೇಬೇಡಿ. 2017ರ ಮೇ 1ರಿಂದ ಮಂತ್ರಿಗಳ ಗಾಡಿಯ ಕೆಂಪು ಗೂಟದ ದೀಪವೇ ಹೋಯಿತು. ಬಣ್ಣದ ದೀಪ ಉಳಿದದ್ದು ಪೊಲೀಸ್, ಅಗ್ನಿಶಾಮಕದಂಥ ತುರ್ತು ಸೇವೆಗಳಿಗೆ. ಕಾನೂನು ಹಾಗಿದ್ದರೂ ಅಂಥ ಲೈಟು ಆಕ್ಸೆಸರಿ ಅಂಗಡಿಯಲ್ಲಿ ಸಿಗುತ್ತದೆ, ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸಿದರೆ ಉರಿಯುತ್ತದೆ. ಸೈರನ್ನಿನ ಕಥೆಯೂ ಅಷ್ಟೇ. 'ಪೊಲೀಸ್' ಸ್ಟಿಕ್ಕರ್ ಬಗ್ಗೆ ಹೇಳುವುದೇ ಬೇಡ.

ಎಲ್ಲಿ, ಹೇಗೆ ನಿಂತಿದ್ದಾರೆ ಅನ್ನುವುದು ಹೆಚ್ಚು ಹೇಳುತ್ತದೆ. ಚೆಕ್ಕಿಂಗಿಗೆ ನಿಲ್ಲುವ ಪೊಲೀಸರಿಗೆ ಬೇರೆ ಗಾಡಿಗಳೂ ಕಾಣಬೇಕು, ತಾವೂ ಕಾಣಬೇಕು. ಆದ್ದರಿಂದ ಜಂಕ್ಷನ್, ಡಿವೈಡರ್ ತೆರೆದಿರುವ ಜಾಗ, ಫ್ಲೈಓವರ್ ಇಳಿಯುವಲ್ಲಿ, ಟೋಲಿನ ಆಚೆ ಈಚೆ ನಿಲ್ಲುತ್ತಾರೆ. ಬ್ಯಾರಿಕೇಡ್ ಅಡ್ಡಡ್ಡ ಇಟ್ಟಿರುತ್ತಾರೆ. ಸ್ಪೀಡ್ ಹಿಡಿಯುವ ಇಂಟರ್‌ಸೆಪ್ಟರ್ ಗಾಡಿ ರಸ್ತೆಯ ಬದಿಗೆ ಸರಿದು ನಿಂತು ಕ್ಯಾಮೆರಾದ ಮುಖವನ್ನು ಬರುವ ಗಾಡಿಗಳ ಕಡೆಗೆ ಮಾಡಿರುತ್ತದೆ. ಇದಕ್ಕೆ ವಿರುದ್ಧವಾಗಿ, ಮನೆಯೂ ಇಲ್ಲದ ಲೈಟೂ ಇಲ್ಲದ ಜಾಗದಲ್ಲಿ ಒಂದೇ ಕಾರು, ಅದೂ ನಿಮ್ಮ ಹಿಂದೆಯೇ ಟೋಲಿನಿಂದ ಬಂದು, ಉಳಿದವರನ್ನೆಲ್ಲ ಬಿಟ್ಟು ನಿಮಗೊಬ್ಬರಿಗೇ ಕೈ ತೋರಿಸುತ್ತಿದ್ದರೆ ಜಾಗ್ರತೆ. ಪೊಲೀಸರಿಗೂ ಹಾಗೆ ನಿಲ್ಲಿಸುವ ಅಗತ್ಯ ಬೀಳಬಹುದು. ಆದರೆ ಕಳ್ಳರಿಗೆ ಬೇಕಾಗುವುದೂ ಅದೇ ಜಾಗ.

ಪೊಲೀಸರಂತೆ ಕಾಣುವ, ಆದರೆ ಪೊಲೀಸರಲ್ಲದ ಕೆಲವು ಗಾಡಿಗಳೂ ನಮ್ಮ ರಸ್ತೆಯಲ್ಲಿವೆ. ಹೆದ್ದಾರಿ 66ರಲ್ಲಿ ಹಳದಿ ದೀಪ ಹಾಕಿಕೊಂಡು ತಿರುಗುವ ಪೆಟ್ರೋಲಿಂಗ್ ಗಾಡಿ ಹೆದ್ದಾರಿ ನಿರ್ವಹಣೆಯದ್ದು. ಕೆಟ್ಟು ನಿಂತರೆ 1033ಕ್ಕೆ ಕರೆದಾಗ ಸಹಾಯ ಸಿಗುವ ವ್ಯವಸ್ಥೆ ಅದು, ನಿಮ್ಮ ಡಿಕ್ಕಿ ತೆಗೆಸುವ ಅಧಿಕಾರ ಅವರಿಗಿಲ್ಲ. ಆರ್‌ಟಿಒ ಇನ್‌ಸ್ಪೆಕ್ಟರುಗಳು ಖಾಕಿಯನ್ನೇ ಹಾಕುತ್ತಾರೆ, ಅಬಕಾರಿ ಮತ್ತು ಅರಣ್ಯದವರಿಗೂ ಸಮವಸ್ತ್ರ ಉಂಟು, ಅವರೆಲ್ಲ ತಮ್ಮ ತಮ್ಮ ಕಾನೂನಿನಂತೆ ನಿಲ್ಲಿಸುತ್ತಾರೆ. ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ಕರಾವಳಿ ಕಾವಲು ಪೊಲೀಸರ ಗಾಡಿ ಕಡಲ ಬದಿಯಲ್ಲಿ ಕಂಡರೆ ಅದು ಪೊಲೀಸ್ ಇಲಾಖೆಯದ್ದೇ. ಚುನಾವಣೆ ಬಂದಾಗ ಇನ್ನೊಂದು ಬಗೆ: ಫ್ಲೈಯಿಂಗ್ ಸ್ಕ್ವಾಡ್ ಅಂತ ಬಾಡಿಗೆಗೆ ಹಿಡಿದ ಹಳದಿ ಬೋರ್ಡಿನ ಕಾರುಗಳೇ ಬರುತ್ತವೆ, ನಮ್ಮ ಸ್ಟ್ಯಾಂಡಿನ ಹುಡುಗರೇ ಓಡಿಸುತ್ತಾರೆ. ಆ ತಂಡದಲ್ಲಿ ಅಧಿಕಾರಿ, ಪೊಲೀಸ್, ವಿಡಿಯೋ ತೆಗೆಯುವವರು ಇರುತ್ತಾರೆ, ಗಾಜಿನ ಮೇಲೆ ಚುನಾವಣಾ ಕರ್ತವ್ಯದ ಚೀಟಿ ಇರುತ್ತದೆ. ಆಗ 50,000 ರೂಪಾಯಿಗಿಂತ ಹೆಚ್ಚು ನಗದು ಇದ್ದರೆ ದಾಖಲೆ ಬೇಕು. ಗಲ್ಫಿನಿಂದ ಬಂದ ಪಾರ್ಟಿಗೆ ಇದನ್ನು ಮೊದಲೇ ಹೇಳಿಬಿಡಿ.

ಇನ್ನು ಮುಖ್ಯ ವಿಷಯ, ಇಳಿದು ಬಂದ ಮನುಷ್ಯ. ಮೋಟಾರು ವಾಹನ ಕಾಯ್ದೆಯ 130ನೇ ಕಲಂ ಪ್ರಕಾರ ಲೈಸೆನ್ಸ್ ತೋರಿಸಬೇಕಾದದ್ದು ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದಾಗ. ಇದು ನಮಗೆಲ್ಲ ಬಾಯಿಪಾಠ ಇರಬೇಕಾದ ಮಾತು. ಟ್ರಾಫಿಕ್‌ನವರಾದರೆ ಬಿಳಿ ಅಂಗಿ, ಖಾಕಿ ಪ್ಯಾಂಟು. ಠಾಣೆಯವರಾದರೆ ಪೂರ್ತಿ ಖಾಕಿ. ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು, ಅದನ್ನು ಓದಿ. ಹೆಗಲು ನೋಡಿ: ಎಎಸ್‌ಐಗೆ ಒಂದು ನಕ್ಷತ್ರ, ಎಸ್‌ಐಗೆ ಎರಡು, ಇನ್‌ಸ್ಪೆಕ್ಟರಿಗೆ ಮೂರು, ಜೊತೆಗೆ ಕೆಂಪು ನೀಲಿ ಪಟ್ಟಿ. ಖಾಕಿ ಪ್ಯಾಂಟಿನ ಮೇಲೆ ಟೀ ಶರ್ಟ್ ಹಾಕಿ, ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಬಂದು "ಇನ್‌ಸ್ಪೆಕ್ಟರ್ ಸಾಹೇಬ್ರು ಕಾರಲ್ಲಿದ್ದಾರೆ, ನೀನು ಬಾ" ಅಂದರೆ ಗಾಡಿಯಿಂದ ಇಳಿಯಬೇಡಿ.

ಮಫ್ತಿಯಲ್ಲಿದ್ದವರು ತಾವು ಪೊಲೀಸರು ಅಂದರೆ ಗುರುತಿನ ಚೀಟಿ ತೋರಿಸಿ ಅಂತ ಮರ್ಯಾದೆಯಿಂದ ಕೇಳಿ. "ಸರ್, ಐಡಿ ಕಾರ್ಡ್ ಒಮ್ಮೆ ನೋಡ್ಬಹುದಾ, ಹಿಂದೆ ಹೆಂಗಸರು ಮಕ್ಕಳಿದ್ದಾರೆ" ಅಂದರೆ ನಿಜವಾದ ಪೊಲೀಸರಿಗೆ ಅರ್ಥ ಆಗುತ್ತದೆ. ಯಾವ ಠಾಣೆ ಅಂತಲೂ ಕೇಳಿ, ಮತ್ತು ನಿಮಗೆ ರಸ್ತೆಯ ಲೆಕ್ಕ ಗೊತ್ತಿರಲಿ. ಮೂಲ್ಕಿಯವರೆಗೆ ಮಂಗಳೂರು ಕಮಿಷನರೇಟ್. ಶಾಂಭವಿ ಹೊಳೆಯ ಸೇತುವೆ ದಾಟಿ ಹೆಜಮಾಡಿಗೆ ಬಂದರೆ ಉಡುಪಿ ಜಿಲ್ಲೆ, ಪಡುಬಿದ್ರಿ ಠಾಣೆ. ಅಲ್ಲಿಂದ ಉತ್ತರಕ್ಕೆ ಕಾಪು, ಉಡುಪಿ, ಬ್ರಹ್ಮಾವರ, ಕೋಟ, ಕುಂದಾಪುರ, ಬೈಂದೂರು. ಕೋಟದ ಹತ್ತಿರ ನಿಲ್ಲಿಸಿ "ಕಾವೂರು ಠಾಣೆ" ಅಂದರೆ, ಇಲ್ಲಿಗೆ ಯಾಕೆ ಬಂದದ್ದು ಅಂತ ಕೇಳುವ ಹಕ್ಕು ನಿಮಗುಂಟು. ಬಂಧಿಸುವ ಪೊಲೀಸರ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು ಅಂತ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಈಗ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮಿನಲ್ಲೇ ಇದೆ. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಮೂಡುವ ಮೊದಲು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಹಿಳಾ ಅಧಿಕಾರಿಯೇ ಬರಬೇಕು. ಸ್ಕೂಟರಿನಲ್ಲಿ ಹೋಗುವ ಅಕ್ಕಂದಿರು ಇದೊಂದು ನೆನಪಿಟ್ಟುಕೊಳ್ಳಿ, "ಠಾಣೆಗೆ ಬಾ" ಅಂತ ರಾತ್ರಿ ಕಾರಿಗೆ ಹತ್ತಿಸಲು ನೋಡಿದರೆ ಹತ್ತಬೇಡಿ, ಗಟ್ಟಿಯಾಗಿ ಕೂಗಿ.

ಈಗ ನಿಲ್ಲಿಸುವ ಕ್ರಮ. ಅನುಮಾನ ಇದ್ದರೂ ಗಾಡಿ ಓಡಿಸಿಕೊಂಡು ಪರಾರಿಯಾಗಬೇಡಿ. ಅವರು ಪೊಲೀಸರಾಗಿದ್ದರೆ ನೀವೇ ಕಳ್ಳರಾಗುತ್ತೀರಿ, ಮುಂದಿನ ಟೋಲಿಗೆ ವೈರ್‌ಲೆಸ್‌ನಲ್ಲಿ ಸುದ್ದಿ ಹೋಗಿರುತ್ತದೆ. ವೇಗ ಇಳಿಸಿ, ಎಡಗಡೆಗೆ ಬನ್ನಿ, ನಾಲ್ಕೂ ಇಂಡಿಕೇಟರ್ ಹಾಕಿ, ಒಳಗಿನ ಲೈಟ್ ಹಾಕಿ. ನಿಮ್ಮನ್ನು ಕಂಡೆ, ನಿಲ್ಲಿಸುತ್ತೇನೆ ಅಂತ ಕಿಟಕಿಯಿಂದ ಕೈ ಮಾಡಿ ತಿಳಿಸಿ. ಹಾಗೆಯೇ ನಿಧಾನಕ್ಕೆ ಬೆಳಕಿರುವ ಜಾಗದವರೆಗೆ ಹೋಗಿ. ಹೆದ್ದಾರಿ 66ರಲ್ಲಿ ಇದು ಕಷ್ಟ ಅಲ್ಲ: ಹೆಜಮಾಡಿ ಟೋಲ್, ಸಾಸ್ತಾನ ಟೋಲ್, ಮಧ್ಯೆ ರಾತ್ರಿಯಿಡೀ ತೆರೆದಿರುವ ಪೆಟ್ರೋಲ್ ಬಂಕುಗಳು. ಬಜ್ಪೆಯಿಂದ ಕಟೀಲು, ಕಿನ್ನಿಗೋಳಿ ಮೇಲಾಗಿ ಮೂಲ್ಕಿಗೆ ಬರುವ ಒಳದಾರಿ ಹತ್ತಿರ ನಿಜ, ಆದರೆ ಮಧ್ಯರಾತ್ರಿ ಅಲ್ಲಿ ನಿಲ್ಲಲು ಜಾಗ ಸಿಗುವುದು ಕಷ್ಟ. ಒಡವೆ, ದುಡ್ಡು ಇರುವ ಪಾರ್ಟಿ ಇದ್ದರೆ ನಾನು ಕಾವೂರು, ಕೂಳೂರು ಸುತ್ತಿ ಹೈವೇ ಹಿಡಿಯುತ್ತೇನೆ. ಡೀಸೆಲ್ ಸ್ವಲ್ಪ ಹೆಚ್ಚು ಹೋಗಲಿ.

ಆ ಹೊತ್ತಿಗೆ ಪಕ್ಕದವರು 112ಕ್ಕೆ ಫೋನ್ ಮಾಡಲಿ. ಹೇಳಬೇಕಾದದ್ದು ಇಷ್ಟೇ: ಯಾವ ಊರು ದಾಟಿದ್ದೇವೆ, ಎತ್ತ ಕಡೆ ಹೋಗುತ್ತಿದ್ದೇವೆ, ಹಿಂದಿನ ಗಾಡಿಯ ನಂಬರು ಮತ್ತು ಬಣ್ಣ, "ಇವರು ಇಲಾಖೆಯವರೇ ಅಂತ ಖಾತ್ರಿ ಮಾಡಿ ಹೇಳಿ". ಫೋನ್ ಕಟ್ ಮಾಡಬೇಡಿ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಅದು ಯಾವ ಮಾಡೆಲ್ ಗಾಡಿ ಅಂತ ಬರುತ್ತದೆ. ಆ್ಯಪಿನಲ್ಲಿ ಮಾರುತಿ ಆಲ್ಟೊ ಅಂತ ಬಂದು ಹಿಂದೆ ನಿಂತಿರುವುದು ಇನ್ನೋವಾ ಆದರೆ ಪ್ಲೇಟೇ ಸುಳ್ಳು. ಇದನ್ನು ಪಕ್ಕದಲ್ಲಿ ಕೂತವರೇ ಮಾಡಬೇಕು. ಸ್ಟಿಯರಿಂಗ್ ಹಿಡಿದವರು ಮೊಬೈಲ್ ಮುಟ್ಟಬಾರದು.

ನಿಂತ ಮೇಲೆ ಡೋರ್ ಲಾಕ್, ಗಾಜು ಎರಡು ಬೆರಳಿನಷ್ಟು ಇಳಿಸಿ, ಎರಡೂ ಕೈ ಸ್ಟಿಯರಿಂಗ್ ಮೇಲೆ. ಲೈಸೆನ್ಸ್, ಆರ್‌ಸಿ ಡಿಜಿಲಾಕರಿನಲ್ಲಿ ತೋರಿಸಿದರೆ ಸಾಕು, ಕಾನೂನು ಒಪ್ಪುತ್ತದೆ, ಅಸಲು ಕಾಗದ ಕತ್ತಲಲ್ಲಿ ಯಾರ ಕೈಗೂ ಕೊಡಬೇಕಾಗಿಲ್ಲ. ದಂಡ ಕಟ್ಟಬೇಕಾದರೆ ರಸೀದಿ ಕೊಡುತ್ತಾರೆ ಅಥವಾ ಇ ಚಲನ್ ಬರುತ್ತದೆ. ಯಾರದ್ದೋ ಸ್ವಂತ ನಂಬರಿಗೆ ಗೂಗಲ್ ಪೇ ಮಾಡು ಅಂದರೆ ಅದು ದಂಡ ಅಲ್ಲ. "ಮುಂದೆ ದರೋಡೆ ಆಗ್ತಾ ಉಂಟು, ಚಿನ್ನ ತೆಗೆದು ಪೇಪರಿನಲ್ಲಿ ಕಟ್ಟಿ ಕೊಡಿ, ಜೋಪಾನ ಮಾಡ್ತೇವೆ" ಅನ್ನುವುದು ವಯಸ್ಸಾದ ಅಮ್ಮಂದಿರ ಸರ ಲಪಟಾಯಿಸುವ ಹಳೇ ಉಪಾಯ, ಕೊನೆಗೆ ಕೈಗೆ ಸಿಗುವ ಪೊಟ್ಟಣದಲ್ಲಿ ಕಲ್ಲಿರುತ್ತದೆ. ಯಾವ ಪೊಲೀಸರೂ ನಿಮ್ಮ ಮೈಮೇಲಿನ ಚಿನ್ನ ಬಿಚ್ಚಿಸಿ ಕಟ್ಟಿ ಕೊಡುವುದಿಲ್ಲ. ನಿಮ್ಮ ಮನೆಯ ಹಿರಿಯರಿಗೆ ಇದೊಂದನ್ನು ಇವತ್ತೇ ಹೇಳಿ.

ಸ್ಪೀಡ್ ಫೈನ್ ತಪ್ಪಿಸಿಕೊಳ್ಳಲು ಪೊಲೀಸ್ ಕಾರು ಗುರುತಿಸುವುದು ಹೇಗೆ ಅಂತ ಕೇಳುವವರೂ ಇದ್ದಾರೆ. ಅದಕ್ಕೆ ನಾನು ದಾರಿ ಹೇಳುವುದಿಲ್ಲ. ಎದುರಿನಿಂದ ಬರುವವರಿಗೆ ಡಿಪ್ ಹೊಡೆದು "ಮುಂದೆ ಚೆಕ್ಕಿಂಗ್ ಉಂಟು" ಅಂತ ಸನ್ನೆ ಮಾಡುವುದನ್ನೂ ನಾನು ಮಾಡುವುದಿಲ್ಲ, ನೀವೂ ಮಾಡಬೇಡಿ. ಆ ನಾಕಾಬಂದಿ ಸರ ಕಿತ್ತುಕೊಂಡು ಓಡಿದವನಿಗಾಗಿ ಹಾಕಿದ್ದೋ, ಕಾಣೆಯಾದ ಮಗುವಿಗಾಗಿ ಹಾಕಿದ್ದೋ ನಮಗೆ ಗೊತ್ತಿರುವುದಿಲ್ಲ. ನಮ್ಮ ಡಿಪ್ ನೋಡಿ ತಿರುಗಿ ಹೋದ ಗಾಡಿಯಲ್ಲಿ ಯಾರಿದ್ದರು ಅಂತಲೂ ಗೊತ್ತಾಗುವುದಿಲ್ಲ.

ನಕಲಿ ಪೊಲೀಸರು ಅಂತ ಖಾತ್ರಿಯಾಗಿ ನೀವು ಪಾರಾಗಿ ಬಂದರೆ, ಬಚಾವಾದೆವು ಅಂತ ಮನೆಗೆ ಹೋಗಿ ಮಲಗಬೇಡಿ. ಅದೇ ರಾತ್ರಿ ಠಾಣೆಗೆ ಹೋಗಿ ಬರೆದು ಕೊಡಿ. ಸರ್ಕಾರಿ ನೌಕರನ ವೇಷ ಹಾಕಿ ಅಧಿಕಾರ ಚಲಾಯಿಸಿದರೆ ನ್ಯಾಯ ಸಂಹಿತೆಯ 204ನೇ ಕಲಂ ಪ್ರಕಾರ ಕನಿಷ್ಠ ಆರು ತಿಂಗಳು, ಹೆಚ್ಚೆಂದರೆ ಮೂರು ವರ್ಷ ಜೈಲು. ನಿಮ್ಮ ನಂತರ ಅದೇ ರಸ್ತೆಯಲ್ಲಿ ಇನ್ನೊಂದು ಏರ್‌ಪೋರ್ಟ್ ಗಾಡಿ ಬರುತ್ತಿರುತ್ತದೆ.

ಘಾಟಿಗೆ ಬಾಡಿಗೆ ಇದ್ದರೆ ಮಾತ್ರ ಲೆಕ್ಕ ಬೇರೆ. ಶಿರಾಡಿಯಲ್ಲಿ, ಆಗುಂಬೆಯಲ್ಲಿ ಬೆಳಕಿನ ಜಾಗ ಹುಡುಕುತ್ತಾ ಹೋಗಲು ಆಗುವುದಿಲ್ಲ, ತಿರುವಿನಲ್ಲಿ ನಿಲ್ಲುವುದೂ ಅಪಾಯ, ನೆಟ್‌ವರ್ಕ್ ಬಂದು ಹೋಗುತ್ತಿರುತ್ತದೆ. ಹತ್ತುವ ಮೊದಲು ಗುಂಡ್ಯದಲ್ಲೋ ಹೆಬ್ರಿಯಲ್ಲೋ ಒಂದು ಚಾ ಕುಡಿಯಲು ನಿಲ್ಲಿಸಿ, ಡಿಜಿಲಾಕರ್ ತೆರೆದು ಕಾಗದಗಳನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ, ಎಷ್ಟು ಹೊತ್ತಿಗೆ ಮೇಲೆ ಮುಟ್ಟುತ್ತೀರಿ ಅಂತ ಮನೆಗೊಂದು ಫೋನ್ ಮಾಡಿ. ಆ ಕಡೆಗೆ ಹೋಗುವ ಬಸ್ಸೋ ಲಾರಿಯೋ ಬಂದರೆ ಅದರ ಹಿಂದೆಯೇ ಹತ್ತಿ.