ಸಪ್ತರ್ಷಿ ಮಂಡಲ: ಚಿಕ್ಕಬಳ್ಳಾಪುರದ ಆಕಾಶದಲ್ಲಿ ಗುರುತಿಸುವುದು ಹೇಗೆ?

ಸಪ್ತರ್ಷಿ ಮಂಡಲ ಎಂದೂ ಮುಳುಗುವುದಿಲ್ಲ ಎಂಬ ಮಾತನ್ನು ಹಲವರು ಓದಿರುತ್ತಾರೆ. ಅದು ಲಂಡನ್ನಿಗೆ ಸರಿ, ಸುಮಾರು 13.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಚಿಕ್ಕಬಳ್ಳಾಪುರಕ್ಕೆ ಸಲ್ಲುವುದಿಲ್ಲ. ಇಲ್ಲಿ ಏಳೂ ನಕ್ಷತ್ರಗಳು ದಿನವೂ ಹುಟ್ಟಿ ಮುಳುಗುತ್ತವೆ, ಅಕ್ಟೋಬರ್–ನವೆಂಬರ್ ತಿಂಗಳ ಸಂಜೆಗಳಲ್ಲಂತೂ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಆದ್ದರಿಂದ ಮೊದಲು ಕಾಲವನ್ನು ಗೊತ್ತುಮಾಡಿಕೊಳ್ಳಬೇಕು. ಫೆಬ್ರುವರಿ ನಡುವಿನಲ್ಲಿ ರಾತ್ರಿ 9ರ ಹೊತ್ತಿಗೆ ಮಂಡಲವು ಈಶಾನ್ಯದಲ್ಲಿ ಆಗಷ್ಟೇ ಮೇಲೆದ್ದಿರುತ್ತದೆ; ಮೇ ನಡುವಿನಲ್ಲಿ ಅದೇ ಹೊತ್ತಿಗೆ ಉತ್ತರದಲ್ಲಿ ತನ್ನ ಗರಿಷ್ಠ ಎತ್ತರಕ್ಕೆ ಬಂದಿರುತ್ತದೆ. ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಎರಡನೆಯದು ಸ್ಥಳದ ಆಯ್ಕೆ. ಬೆಂಗಳೂರಿನ ಬೆಳಕು ನಮಗೆ ದಕ್ಷಿಣಕ್ಕಿರುವುದರಿಂದ ಉತ್ತರದ ಆಕಾಶ ಅಷ್ಟಾಗಿ ಕೆಟ್ಟಿಲ್ಲ, ಈ ಒಂದು ವಿಷಯದಲ್ಲಿ ನಾವು ಪುಣ್ಯವಂತರೇ. ಆದರೆ ಉತ್ತರದ ದಿಗಂತಕ್ಕೆ ಬೆಟ್ಟವಾಗಲಿ, ಮಾವಿನ ತೋಪಾಗಲಿ, ರಾತ್ರಿ ಬಲ್ಬು ಉರಿಸುವ ಸೇವಂತಿಗೆ ತೋಟವಾಗಲಿ ಅಡ್ಡವಿರಬಾರದು. ಊರಾಚೆಯ ಕೆರೆ ಏರಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಅಲ್ಲಿ ಮೊಬೈಲ್ ನೋಡದೆ ಇಪ್ಪತ್ತು ನಿಮಿಷ ಕಳೆದರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ.

ಮೇ ತಿಂಗಳ ರಾತ್ರಿ ಉತ್ತರಕ್ಕೆ ಮುಖಮಾಡಿ ನಿಂತರೆ, ಬೋರಲು ಹಾಕಿದ ಸೌಟಿನಂತೆ ಏಳು ನಕ್ಷತ್ರಗಳು ಕಾಣುತ್ತವೆ: ಎಡಕ್ಕೆ ನಾಲ್ಕು ನಕ್ಷತ್ರಗಳ ಬಟ್ಟಲು, ಬಲಕ್ಕೆ ಬಾಗಿದ ಮೂರು ನಕ್ಷತ್ರಗಳ ಹಿಡಿ. ಬಟ್ಟಲಿನ ಎಡ ಅಂಚಿನಲ್ಲಿ ಕೆಳಗಿರುವವನು ಕ್ರತು, ಅವನ ಮೇಲಿರುವವನು ಪುಲಹ. ಬಲ ಅಂಚಿನಲ್ಲಿ ಮೇಲೆ ಪುಲಸ್ತ್ಯ, ಕೆಳಗೆ ಅತ್ರಿ. ಹಿಡಿಯಲ್ಲಿ ಕ್ರಮವಾಗಿ ಅಂಗಿರಸ, ವಸಿಷ್ಠ ಮತ್ತು ತುದಿಗೆ ಮರೀಚಿ. ಏಳರಲ್ಲಿ ಅತ್ರಿಯೇ ಮಂಕು, ಆದ್ದರಿಂದ ಆರೇ ಕಂಡರೆ ಗಾಬರಿಪಡಬೇಕಿಲ್ಲ. ಕ್ರತು, ಮರೀಚಿಗಳನ್ನು ಬಿಟ್ಟು ಉಳಿದ ಐದು ನಕ್ಷತ್ರಗಳು ನಿಜಕ್ಕೂ ಒಂದೇ ಕುಟುಂಬಕ್ಕೆ ಸೇರಿದವು. ನಮ್ಮಿಂದ ಸುಮಾರು 80 ಜ್ಯೋತಿರ್ವರ್ಷ ದೂರದಲ್ಲಿ ಒಟ್ಟಾಗಿ ಒಂದೇ ದಿಕ್ಕಿಗೆ ಸಾಗುತ್ತಿವೆ.

ಇನ್ನು ಅರುಂಧತಿ. ಮೊದಲು ದೊಡ್ಡದನ್ನು ತೋರಿಸಿ ಅದರ ಪಕ್ಕದ ಸೂಕ್ಷ್ಮಕ್ಕೆ ಕಣ್ಣನ್ನು ಒಯ್ಯುವ ಕ್ರಮಕ್ಕೆ ಶಾಸ್ತ್ರದಲ್ಲಿ ಅರುಂಧತೀದರ್ಶನ ನ್ಯಾಯವೆಂದೇ ಹೆಸರಿದೆ. ಇಲ್ಲಿಯೂ ಅದನ್ನೇ ಅನುಸರಿಸಬೇಕು. ಹಿಡಿಯ ನಡುವಿನ ವಸಿಷ್ಠನಲ್ಲಿ ದೃಷ್ಟಿ ನಿಲ್ಲಿಸಿ, ಬಲಕ್ಕೆ ಹುಣ್ಣಿಮೆ ಚಂದ್ರನ ಅಗಲದ ಅರ್ಧಕ್ಕಿಂತಲೂ ಕಡಿಮೆ ಅಂತರದಲ್ಲಿ ಹುಡುಕಿದರೆ ಸಣ್ಣ ಚುಕ್ಕಿಯೊಂದು ಬೇರೆಯಾಗಿ ತೋರುತ್ತದೆ. ಒಂದೇ ಸಲಕ್ಕೆ ಕಾಣದಿದ್ದರೆ ನೋಟವನ್ನು ತುಸು ಪಕ್ಕಕ್ಕೆ ಸರಿಸಿ ಓರೆಗಣ್ಣಿನಿಂದ ನೋಡುವುದು ಒಳ್ಳೆಯ ಉಪಾಯ. ಮದುವೆಯಲ್ಲಿ ಹಗಲು ಹನ್ನೊಂದಕ್ಕೆ ಪುರೋಹಿತರು ಆಕಾಶದತ್ತ ಕೈ ತೋರಿಸಿದಾಗ ‘ಕಾಣಿಸಿತು’ ಎಂದು ತಲೆಯಾಡಿಸಿದ ದಂಪತಿಗಳು ಬಾಕಿ ಉಳಿದ ದರ್ಶನವನ್ನು ಈಗ ತೀರಿಸಿಕೊಳ್ಳಬಹುದು. ದೂರದರ್ಶಕದಲ್ಲಿ ವಸಿಷ್ಠ ನಕ್ಷತ್ರವೂ ಎರಡಾಗಿ ಒಡೆಯುತ್ತದೆ.

ಅರುಂಧತಿಗೆ ಈ ಸ್ಥಾನ ಏಕೆ ಎಂಬುದಕ್ಕೆ ಮಹಾಭಾರತದ ವನಪರ್ವದಲ್ಲಿ ಕಥೆಯಿದೆ. ಋಷಿಪತ್ನಿಯರಿಗೆ ಮನಸೋತ ಅಗ್ನಿಯನ್ನು ಒಲಿಸಿಕೊಳ್ಳಲು ಸ್ವಾಹಾದೇವಿಯು ಒಬ್ಬೊಬ್ಬರ ರೂಪವನ್ನೂ ತಾಳುತ್ತಾಳೆ. ಆದರೆ ಅರುಂಧತಿಯ ಪಾತಿವ್ರತ್ಯದ ಮುಂದೆ ಆಕೆಯ ಆಟ ನಡೆಯುವುದಿಲ್ಲ. ಏನೂ ತಪ್ಪು ಮಾಡದಿದ್ದರೂ ಗಂಡಂದಿರಿಂದ ಪರಿತ್ಯಕ್ತರಾದ ಉಳಿದ ಆರು ಮಂದಿ ಕೊನೆಗೆ ಕೃತ್ತಿಕೆಯರಾಗಿ ಆಕಾಶದಲ್ಲಿ ನೆಲೆಸುತ್ತಾರೆ. ಈ ಕಥೆಯಲ್ಲಿ ಋಷಿಗಳ ನಡೆ ನ್ಯಾಯವೆಂದು ನನಗಂತೂ ತೋರುವುದಿಲ್ಲ. ಮಾರ್ಚ್ ತಿಂಗಳಲ್ಲಿ ರಾತ್ರಿ 9ಕ್ಕೆ ನೋಡಿದರೆ ಪಶ್ಚಿಮದಲ್ಲಿ ಕೃತ್ತಿಕೆಯ ಗುಂಪು ಇಳಿಯುತ್ತಿರುವಾಗ ಈಶಾನ್ಯದಲ್ಲಿ ಋಷಿಗಳು ಏರುತ್ತಿರುತ್ತಾರೆ.

ಕೊನೆಯ ಹಂತ ಧ್ರುವ. ಪುಲಹನಿಂದ ಕ್ರತುವಿಗೆ ಗೆರೆ ಎಳೆದು, ಆ ಅಂತರದ ಐದರಷ್ಟು ಅದೇ ದಿಕ್ಕಿನಲ್ಲಿ ಮುಂದುವರಿಸಬೇಕು. ಮೇ ತಿಂಗಳಲ್ಲಿ ಈ ಗೆರೆ ದಿಗಂತದತ್ತ ಇಳಿಯುತ್ತದೆ. ಮಲತಾಯಿ ಸುರುಚಿಯ ಮಾತಿಗೆ ನೊಂದು ತಪಸ್ಸಿಗೆ ಕುಳಿತು ವಿಷ್ಣುವಿನಿಂದ ಅಚಲ ಪದವಿ ಪಡೆದ ಬಾಲಕ ಎಲ್ಲರಿಗಿಂತ ಹೆಚ್ಚು ಹೊಳೆಯುತ್ತಿರಬೇಕೆಂದು ಜನ ಭಾವಿಸುತ್ತಾರೆ, ಹಾಗಾಗಿ ಬೇರೆ ಯಾವುದೋ ನಕ್ಷತ್ರವನ್ನು ಧ್ರುವನೆಂದುಕೊಳ್ಳುತ್ತಾರೆ. ಅವನ ಪ್ರಕಾಶ ಕ್ರತುವಿಗಿಂತ ತುಸು ಕಡಿಮೆಯೇ. ಯಾವ ಊರಿನಲ್ಲಿ ನಿಂತರೂ ಧ್ರುವನ ಎತ್ತರ ಆ ಊರಿನ ಅಕ್ಷಾಂಶಕ್ಕೆ ಹೆಚ್ಚುಕಡಿಮೆ ಸಮನಾಗಿರುತ್ತದೆ: ಬೀದರಿನಲ್ಲಿ ಸುಮಾರು 18 ಡಿಗ್ರಿ, ನಮ್ಮಲ್ಲಿ ಹದಿಮೂರರ ಆಸುಪಾಸು. ತೋಳು ನೀಡಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಮುಷ್ಟಿಯನ್ನು ದಿಗಂತದ ಮೇಲಿಟ್ಟು ಇನ್ನೆರಡು ಬೆರಳಿನಷ್ಟು ಮೇಲೆ ನೋಡಬೇಕು. ಅಷ್ಟು ಕೆಳಗೆ ಧೂಳು ದಟ್ಟವಾಗಿರುವುದರಿಂದ, ಮುಂಗಾರುಪೂರ್ವ ಮಳೆ ಬಂದು ಮೋಡ ಸರಿದ ರಾತ್ರಿಯಲ್ಲಿ ಅವನು ಸಿಗುವ ಸಂಭವ ಹೆಚ್ಚು. ಗುರುತಿಸಿದ್ದು ಸರಿಯೇ ಎಂಬ ಅನುಮಾನವಿದ್ದರೆ, ಆ ಚುಕ್ಕಿಯನ್ನು ಯಾವುದಾದರೂ ಕಂಬದ ತುದಿಗೆ ಹೊಂದಿಸಿಕೊಂಡು ಎರಡು ಗಂಟೆಯ ನಂತರ ಅದೇ ಜಾಗದಲ್ಲಿ ನಿಂತು ನೋಡಿ. ಋಷಿಗಳು ಪಶ್ಚಿಮಕ್ಕೆ ವಾಲಿದ್ದರೂ ಧ್ರುವನು ಕಂಬದ ತುದಿಯಲ್ಲೇ ಇರಬೇಕು.