ಪದ್ಮಿನಿಗೆ ರಿಟರ್ನ್ ಲೈನ್ ಹಾಕಿದೆ, ವೇಪರ್ ಲಾಕ್ ಹೋಯ್ತು

ಬೇಸಿಗೆಯಲ್ಲಿ ಟ್ರಾಫಿಕ್‌ನಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಂತರೆ ನಮ್ಮ ಹಳೆಯ ಪದ್ಮಿನಿ ಕಾರು ಕೆಮ್ಮಿ ಆಫ್ ಆಗುತ್ತಿತ್ತು. ತಣ್ಣಗಾದ ಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್. ಎಂಜಿನ್ ಬಿಸಿಗೆ ಪೈಪಿನೊಳಗಿನ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟುತ್ತದೆ, ವೇಪರ್ ಲಾಕ್ ಅಂದ್ರೆ ಇದೇ. ಹಾಗಾಗಿ ಎಲೆಕ್ಟ್ರಿಕ್ ಪಂಪ್ ಹಾಕುವಾಗಲೇ ರಿಟರ್ನ್ ಲೈನ್, ಅಂದ್ರೆ ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗೋ ಪೈಪ್, ಕೂಡ ಎಳೆದುಬಿಟ್ಟೆ. ಪೆಟ್ರೋಲ್ ಸುತ್ತುತ್ತಲೇ ಇದ್ದರೆ ಅದಕ್ಕೆ ಬಿಸಿಯಾಗೋಕೆ ಟೈಮೇ ಸಿಗಲ್ಲ, ಅಲ್ವಾ?

ಕಾರ್ಬುರೇಟರ್‌ಗೆ (ಪೆಟ್ರೋಲ್, ಗಾಳಿ ಬೆರೆಸೋ ಭಾಗ) ಸ್ವಲ್ಪ ಮುಂಚೆ ಪೈಪಿಗೆ ಒಂದು T ಆಕಾರದ ಜಾಯಿಂಟ್ ಹಾಕಿದೆ. ಅದರ ರಿಟರ್ನ್ ಬಾಯಿಗೆ ಸುಮಾರು 1.5 ಮಿ.ಮೀ. ತೂತಿನ ಹಿತ್ತಾಳೆ ಜೆಟ್ ಕೂರಿಸಬೇಕು, ಇಲ್ಲದಿದ್ದರೆ ಪೆಟ್ರೋಲ್ ಎಲ್ಲಾ ಸುಲಭದ ದಾರಿ ಹಿಡಿದು ಟ್ಯಾಂಕಿಗೇ ವಾಪಸ್, ಕಾರ್ಬುರೇಟರ್‌ಗೆ ಉಪವಾಸ.

ಟ್ಯಾಂಕಿಗೆ ಮಾತ್ರ ವೆಲ್ಡಿಂಗ್ ಬೇಡವೇ ಬೇಡ. ಖಾಲಿ ಟ್ಯಾಂಕೇ ಜಾಸ್ತಿ ಅಪಾಯ, ಒಳಗೆ ಉಳಿದ ಆವಿ ಸಿಡಿಯುತ್ತದೆ. ನಾನು ಗೇಜ್ ಸೆಂಡರ್‌ನ (ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ಅಳೆಯೋ ಭಾಗ) ಪ್ಲೇಟ್ ಬಿಚ್ಚಿ, ಫ್ಲೋಟ್ ತೆಗೆದಿಟ್ಟು, ಟ್ಯಾಂಕಿನಿಂದ ದೂರದಲ್ಲಿ ಆ ಪ್ಲೇಟಿಗೆ ಪೈಪ್ ಬ್ರೇಜಿಂಗ್ (ಹಿತ್ತಾಳೆ ಕರಗಿಸಿ ಬೆಸೆಯೋದು) ಮಾಡಿಸಿದೆ. ಪೈಪಿನ ತುದಿ ತಳದ ಹತ್ತಿರ ಇರಲಿ, ಪಂಪ್ ಎಳೆಯೋ ಜಾಗದಿಂದ ದೂರ. ಮೇಲಿಂದ ಸುರಿದರೆ ನೊರೆ ಎದ್ದು ಪಂಪ್ ಗಾಳಿ ಎಳೆಯುತ್ತದೆ.

ಹೋಸ್ ವಿಷಯದಲ್ಲಿ ಜಿಪುಣತನ ಬೇಡ. ಈಗಿನ ಎಥೆನಾಲ್ ಪೆಟ್ರೋಲ್‌ಗೆ ಹಳೆಯ ರಬ್ಬರ್ ಬೇಗ ಬಿರಿಯುತ್ತದೆ. ಸೈಲೆನ್ಸರ್ ಪೈಪಿನಿಂದ ದೂರ ಕಟ್ಟಿ.